ಹಳದಿ ಗೂಡಿನ ತಾಯಿ: ರೇಷ್ಮೆ ಹುಳ, ರೋಗ ಮತ್ತೆ ನಮ್ಮ ಮಾಗಡಿ

1/7
ರಾಮನಗರದ ಗೂಡಿನ ಮಾರ್ಕೆಟ್ ಒಳಗೆ ಹೋಗಿದ್ದೀರಾ? ಏಷ್ಯಾದಲ್ಲೇ ದೊಡ್ಡದು ಅಂತ ಹೆಸರು ಅದಕ್ಕೆ. ಅಲ್ಲಿ ಎರಡು ಬಣ್ಣದ ಗೂಡು ಕಾಣುತ್ತೆ. ಬಿಳಿ ಅಂದ್ರೆ ಬೈವೋಲ್ಟೀನ್, ಹಳದಿ ಅಂದ್ರೆ ಮಿಶ್ರತಳಿ. ಸಾಮಾನ್ಯವಾಗಿ ಬಿಳಿಗೇ ರೇಟ್ ಜಾಸ್ತಿ. ಬಿಕಾಂ ಓದೋ ನನಗೆ ಮೊದಲು ಬಂದ ಡೌಟ್ ಇದೇ: ಲಾಭ ಬಿಳಿಯಲ್ಲಿದ್ರೆ ಹಳದಿ ಯಾಕೆ ಬೆಳೀತಾರೆ? ಉತ್ತರ ಹುಡುಕ್ತಾ ಹೋದ್ರೆ ಸಿಕ್ಕಿದ್ದು ಲೆಕ್ಕದ ಪುಸ್ತಕ ಅಲ್ಲ, ಹುಳದ ಜೀನ್‌ಗಳ ಚರಿತ್ರೆ.

2/7
ಮೊದಲು ಫ್ರಾನ್ಸ್‌ಗೆ ಹೋಗೋಣ. 1853ರಲ್ಲಿ ಅಲ್ಲಿ ಸುಮಾರು 26,000 ಟನ್ ಗೂಡು ಬೆಳೀತಿದ್ರು. 1865ಕ್ಕೆ ಅದು ಸುಮಾರು 4,000 ಟನ್‌ಗೆ ಇಳಿದಿತ್ತು. ಕಾರಣ ಪೆಬ್ರಿನ್, ನಮ್ಮ ರೈತರು ಹೇಳೋ ಗಂಟು ರೋಗ. ನೊಸೆಮಾ ಬಾಂಬಿಸಿಸ್ ಅನ್ನೋ ಕಣ್ಣಿಗೆ ಕಾಣದ ಪರಾವಲಂಬಿ ಹುಳದ ಜೀವಕೋಶದ ಒಳಗೇ ಬೆಳೆಯುತ್ತೆ. ಭಯಂಕರ ವಿಷಯ ಏನಂದ್ರೆ ಅದು ತಾಯಿ ಚಿಟ್ಟೆಯಿಂದ ಮೊಟ್ಟೆಗೇ ಹೋಗುತ್ತೆ. 1865ರಲ್ಲಿ ಅಲ್ಲಿಗೆ ಹೋದ ಲೂಯಿ ಪಾಶ್ಚರ್ ಐದು ವರ್ಷ ಇದರ ಮೇಲೆ ಕೆಲಸ ಮಾಡಿದ್ರು. ಮೊಟ್ಟೆ ಇಟ್ಟ ಚಿಟ್ಟೆಯನ್ನ ಅರೆದು ಮೈಕ್ರೋಸ್ಕೋಪ್‌ನಲ್ಲಿ ನೋಡು, ರೋಗ ಕಂಡ್ರೆ ಅದರ ಮೊಟ್ಟೆ ನಾಶ ಮಾಡು. ಇಷ್ಟೇ ಉಪಾಯ. ನಮ್ಮ ಬಿತ್ತನೆ ಕೋಠಿಗಳಲ್ಲಿ ಇವತ್ತಿಗೂ ತಾಯಿ ಚಿಟ್ಟೆ ಪರೀಕ್ಷೆ ನಡೆಯುತ್ತೆ.

3/7
ಹುಳಕ್ಕೆ ನಮ್ಮ ಥರ ಆಂಟಿಬಾಡಿ ಇಲ್ಲ. ಅದಕ್ಕಿರೋದು ಹುಟ್ಟಿನಿಂದ ಬಂದ ರಕ್ಷಣೆ ಮಾತ್ರ: ಶತ್ರುವನ್ನ ಸುತ್ತುವರಿಯೋ ರಕ್ತಕಣಗಳು, ಸೂಕ್ಷ್ಮಜೀವಿ ಕೊಲ್ಲೋ ಚಿಕ್ಕ ಪ್ರೋಟೀನ್‌ಗಳು, ಗಾಯವನ್ನ ಕಪ್ಪಾಗಿಸಿ ಮುಚ್ಚೋ ಮೆಲನಿನ್. ಇವೆಲ್ಲವನ್ನೂ ತಯಾರಿಸೋ ಸೂಚನೆ ಜೀನ್‌ಗಳಲ್ಲಿದೆ. ಅದಕ್ಕೇ ಒಂದೇ ಸೊಪ್ಪು ತಿಂದ್ರೂ ಒಂದು ತಳಿ ಬೇಗ ಬೀಳುತ್ತೆ, ಇನ್ನೊಂದು ತಡ್ಕೊಳ್ಳುತ್ತೆ.

4/7
ಈಗ ನಮ್ಮೂರಿಗೆ ಬನ್ನಿ. ಟಿಪ್ಪು ಸುಲ್ತಾನ್ ಬಂಗಾಳಕ್ಕೆ ಜನ ಕಳಿಸಿ ರೇಷ್ಮೆ ಹುಳ ತರಿಸಿದ ಕಥೆ ಸ್ಕೂಲಲ್ಲಿ ಓದಿದ್ದೀವಿ. ಮುಂದಿನದು ಯಾರೂ ಹೇಳಲಿಲ್ಲ. ಇಲ್ಲಿನ ಸೆಕೆ, ಇಲ್ಲಿನ ರೋಗ ತಡೆಯೋಕಾಗದ ಹುಳಗಳು ಮೊಟ್ಟೆ ಇಡೋ ಮುಂಚೆಯೇ ಸತ್ತವು. ಉಳಿದವು ಮೊಟ್ಟೆ ಇಟ್ಟವು. ತಲೆಮಾರು ತಲೆಮಾರು ಹೀಗೇ ಸೋಸಿ ಸೋಸಿ ಉಳಿದಿದ್ದೇ ‘ಮೈಸೂರು ತಳಿ’. ಇದರ ಒಂದು ಗೂಡಿನ ನೂಲು ಹೆಚ್ಚುಕಮ್ಮಿ 400 ಮೀಟರ್, ಬೈವೋಲ್ಟೀನ್‌ದು ಸುಮಾರು 1,000. ನೂಲು ಕಮ್ಮಿ, ಜೀವ ಗಟ್ಟಿ.

5/7
ಎರಡೂ ಬೇಕು ಅಂದ್ರೆ? ಮದುವೆ ಮಾಡ್ಸಿ! ಹುಳದ ಗುಣಗಳೂ ಮೆಂಡೆಲ್ ನಿಯಮದಂತೆ ಬರುತ್ತವೆ ಅಂತ 1906ರಲ್ಲಿ ಜಪಾನಿನ ತೊಯಾಮ ಕಮೆತಾರೊ ತೋರಿಸಿದ್ರು. 1910ರ ದಶಕದಲ್ಲಿ ಮೈಸೂರು ಸರ್ಕಾರ ಇಟಲಿಯಿಂದ ತಜ್ಞರನ್ನ ಕರೆಸಿತು, ಚನ್ನಪಟ್ಟಣದಲ್ಲಿ ಸರ್ಕಾರಿ ರೇಷ್ಮೆ ಫಾರ್ಮ್ ಶುರುವಾಯ್ತು. ಆಮೇಲೆ ಬಂದಿದ್ದೇ ಮಿಶ್ರತಳಿ: ತಾಯಿ ಮೈಸೂರು, ತಂದೆ ಹೊರಗಿನ ತಳಿ. ಆದರೆ ಮೊದಲ ತಲೆಮಾರಿನ ಬಲ ಮುಂದಿನದಕ್ಕೆ ಹಾಗೇ ಹೋಗಲ್ಲ. ಪ್ರತಿ ಸಲ ಶುದ್ಧ ತಾಯಿ ಬೇಕೇ ಬೇಕು. ಆ ತಾಯಿಯನ್ನ ಸಾಕ್ತಿರೋದು ಯಾರು? ಮಾಗಡಿ, ಕುಣಿಗಲ್ ಕಡೆಯ ಬಿತ್ತನೆ ಗೂಡಿನ ರೈತರು.

6/7
ಹಾಗಂತ ಜೀನ್ ಒಂದೇ ಕಾಪಾಡಲ್ಲ. 1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಬಂತು. ಹುಳದ ಮೈ ಮೇಲೆ ಮೊಟ್ಟೆ ಇಡುತ್ತೆ, ಮರಿ ಒಳಗೆ ಕೊರೆದು ಹೋಗುತ್ತೆ. ನಾನು ಎಂಟನೇ ಕ್ಲಾಸಲ್ಲಿದ್ದಾಗ ಮಾಗಡಿ ಹತ್ರ ನಮ್ಮ ಅಜ್ಜಿಯ ಒಂದು ಬೆಳೆ ಹೀಗೇ ಹೋಯ್ತು. ಹುಳು ಮನೆ ಕಿಟಕಿಯ ಬಲೆ ಹರಿದಿತ್ತು, ಹೊಲಿ ಅಂತ ಅಜ್ಜಿ ನನಗೇ ಹೇಳಿದ್ರು, ನಾನು ನಾಳೆ ಅಂದಿದ್ದೆ. ಹುಳಗಳ ಮೈ ಮೇಲೆಲ್ಲ ಕಪ್ಪು ಚುಕ್ಕೆ. ಆ ಕಪ್ಪು ಹುಳದ್ದೇ ಮೆಲನಿನ್, ಅದು ಹೋರಾಡಿದ ಗುರುತು ಅಂತ ಈಗ ಗೊತ್ತಾಯ್ತು. ಆ ಗಾಯದ ಗೋಡೆಯನ್ನೇ ಊಜಿ ಮರಿ ಉಸಿರಾಟದ ಕೊಳವೆ ಮಾಡ್ಕೊಳ್ಳುತ್ತೆ. ಅಜ್ಜಿ ಬೈಲಿಲ್ಲ. ಅದೇ ಜಾಸ್ತಿ ನೋವಾಗಿದ್ದು.

7/7
ಮನುಷ್ಯರಲ್ಲೂ ಇದೇ ಕಥೆ. ಎಚ್‌ಎಲ್‌ಎ-ಬಿ53 ಅನ್ನೋ ರೋಗನಿರೋಧಕ ಜೀನ್ ಇರೋ ಮಕ್ಕಳಿಗೆ ತೀವ್ರ ಮಲೇರಿಯಾ ಕಮ್ಮಿ ಅಂತ 1991ರಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲಿ ಕಂಡುಕೊಂಡ್ರು. ಕಮ್ಮಿ ಅಷ್ಟೇ, ಬರೋದೇ ಇಲ್ಲ ಅಂತಲ್ಲ. ಸೊಳ್ಳೆ ಪರದೆ ಅವರಿಗೂ ಬೇಕು.

ನನ್ನ ಭಯ ಒಂದೇ. ರೇಟ್ ನೋಡಿ ಎಲ್ಲರೂ ಬಿಳಿಗೆ ಹೋದ್ರೆ ಮೈಸೂರು ತಳಿ ಸಾಕೋರು ಯಾರು? ಬ್ಯಾಲೆನ್ಸ್ ಶೀಟ್‌ನಲ್ಲಿ ಕಾಣದ ಆಸ್ತಿ ಅದು. ಒಮ್ಮೆ ಕಳ್ಕೊಂಡ್ರೆ ದುಡ್ಡು ಕೊಟ್ರೂ ವಾಪಸ್ ಬರಲ್ಲ. ನಿಮ್ಮ ಮನೇಲಿ ಹುಳ ಸಾಕಿದ್ರಾ? ಯಾವ ತಳಿ? ಅಜ್ಜಿ ತಾತನ್ನ ಕೇಳಿ, ಕೆಳಗೆ ಬರೀರಿ.

#ರಾಮನಗರ #ಮಾಗಡಿ #ರೇಷ್ಮೆ #ನಮ್ಮೂರಚರಿತ್ರೆ