ಹೊತ್ತು ನಡೆಯುವ ಸೂರು

ಚಾರಣಕ್ಕೆ ಹೊರಡುವ ಶಿಷ್ಯರು ಡೇರೆಯ ತೂಕದ ಮಾತೆತ್ತಿದಾಗಲೆಲ್ಲ ನನಗೆ ಅಮೆರಿಕದ ಅಪಲೇಚಿಯನ್ ಕಾಲುದಾರಿಯ ಹಳಬರು ನೆನಪಾಗುತ್ತಾರೆ. ಹಗಲು ಬೆನ್ನ ಮೇಲೆ ಹೊತ್ತದ್ದೇ ಇರುಳಿನ ಸೂರು; ಭಾರವಾದರೆ ನಡಿಗೆ ಕುಂದುತ್ತದೆ, ತೀರ ಹಗುರವಾದರೆ ಮಳೆ ಒಳನುಗ್ಗುತ್ತದೆ. 1948ರಲ್ಲಿ ಆ ದಾರಿಯನ್ನು ಒಂದೇ ಸಲಕ್ಕೆ ನಡೆದು ಮುಗಿಸಿದ ಅರ್ಲ್ ಶಾಫರ್ ಡೇರೆಯನ್ನು ಆರಂಭದಲ್ಲೇ ತೊರೆದು, ಮಳೆಯ ಹೊದಿಕೆಯನ್ನೇ ಸೂರಾಗಿಸಿಕೊಂಡರು.

ಎಮ್ಮಾ ಗೇಟ್‌ವುಡ್ ಇನ್ನೂ ಮುಂದೆ ಹೋದರು. 11 ಮಕ್ಕಳ ತಾಯಿ. ಗಂಡನ ಹೊಡೆತಗಳನ್ನು ಮೂರು ದಶಕ ಸಹಿಸಿ ವಿಚ್ಛೇದನ ಪಡೆದವರು. 1955ರ ಮೇ ತಿಂಗಳಲ್ಲಿ, ತಮ್ಮ 67ನೆಯ ವಯಸ್ಸಿನಲ್ಲಿ, ಜಾರ್ಜಿಯಾದಿಂದ ಒಬ್ಬರೇ ಹೊರಟರು. ತಾವೇ ಹೊಲಿದ ಚೀಲದಲ್ಲಿ ಡೇರೆಯಿರಲಿಲ್ಲ. ಒಂದು ಕಂಬಳಿ ಮತ್ತು ಸ್ನಾನದ ಮನೆಗೆ ಇಳಿಬಿಡುವ ಪ್ಲಾಸ್ಟಿಕ್ ಪರದೆಯಿತ್ತು. ಚಳಿಯಾದರೆ ಚಪ್ಪಟೆ ಕಲ್ಲುಗಳನ್ನು ಬೆಂಕಿಯಲ್ಲಿ ಕಾಯಿಸಿ ಅವುಗಳ ಮೇಲೆ ಮಲಗುತ್ತಿದ್ದರು. ಆಗಸ್ಟ್‌ನಲ್ಲಿ ಕಾನಿ, ಡಯಾನ್ ಎಂಬ ಎರಡು ಚಂಡಮಾರುತಗಳ ಮಳೆ ಸುರಿಯಿತು. 146 ದಿನಗಳಲ್ಲಿ ಮೇನ್ ರಾಜ್ಯದ ಕಟಾಡಿನ್ ಶಿಖರವನ್ನು ಮುಟ್ಟಿದರು. 1957ರಲ್ಲಿ ಮತ್ತೊಮ್ಮೆ ನಡೆದರು.

ಆ ಪರದೆಯೊಂದೇ ಅವರನ್ನು ಕಾಪಾಡಿತೆಂದು ನಾನು ಹೇಳಲಾರೆ. ದಾರಿಯಲ್ಲಿ ಅಲ್ಲಲ್ಲಿ ಒಂದು ಬದಿ ತೆರೆದ ಮರದ ತಂಗುಮನೆಗಳಿದ್ದವು. ಅಪರಿಚಿತರು ಊಟವಿಕ್ಕಿ ಹಾಸಿಗೆ ಕೊಟ್ಟರು. ಬಾಗಿಲು ತೆರೆಯದ ರಾತ್ರಿಗಳೂ ಇದ್ದವು. ಮರವಿಲ್ಲದ, ಮನೆಯಿಲ್ಲದ ಹಿಮಪರ್ವತದಲ್ಲಿ ಅವರ ಲೆಕ್ಕ ನಡೆಯದು.

1990ರ ದಶಕದಲ್ಲಿ ರೇ ಜಾರ್ಡೀನ್ ಎಂಬುವರು ಡೇರೆಗೆ ಬದಲಾಗಿ ನೈಲಾನ್ ಹಾಳೆಯನ್ನು ಹೊಲಿದು ಕಟ್ಟಿಕೊಳ್ಳುವುದನ್ನು ತಮ್ಮ ಬರಹಗಳ ಮೂಲಕ ಪ್ರಚುರಪಡಿಸಿದರು. ಬದಿಗಳು ತೆರೆದಿರುವುದರಿಂದ ಉಸಿರಿನ ತೇವ ಒಳಗೆ ಅಷ್ಟಾಗಿ ಹನಿಗಟ್ಟದು. ಸೊಳ್ಳೆಗಳಿಗೂ ತಡೆಯಿಲ್ಲವೆನ್ನಿ!