ಹಳೆಯ ಕಾರು, ಜೀಪುಗಳಿಗೆ ಪವರ್ ಸ್ಟೀರಿಂಗ್ ಅಳವಡಿಕೆ

ಕೈಬಲದಿಂದಲೇ ತಿರುಗಿಸಬೇಕಾದ ಸ್ಟೀರಿಂಗ್ ಇರುವ ಹಳೆಯ ವಾಹನಕ್ಕೆ ಹೈಡ್ರಾಲಿಕ್ ಅಥವಾ ವಿದ್ಯುತ್ ನೆರವಿನ ವ್ಯವಸ್ಥೆ ಕೂರಿಸುವ ಕೆಲಸವಿದು. ಬ್ರಿಟನ್ನಿನಲ್ಲಿ ಎಂಜಿಬಿ, ಟ್ರಯಂಫ್‌ನಂಥ ಸ್ಪೋರ್ಟ್ಸ್ ಕಾರುಗಳ ಮಾಲೀಕರು ಇದನ್ನು ಮಾಡಿಸುತ್ತಾರೆ. ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಇದರ ಅಗತ್ಯ ಬೀಳುವುದು ಹೆಚ್ಚಾಗಿ ಮಹೀಂದ್ರಾ ಜೀಪು, ಮಾರುತಿ ಜಿಪ್ಸಿಗಳಿಗೆ. ಅಪರೂಪಕ್ಕೆ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಿಗೆ.

ಕಾರಣ ರಸ್ತೆಯಲ್ಲೇ ಇದೆ. ಬಂಟ್ವಾಳದ ಬಿ.ಸಿ. ರೋಡಿನಿಂದ ಬೆಳ್ತಂಗಡಿ, ಉಜಿರೆ ದಾಟಿ ರಾಷ್ಟ್ರೀಯ ಹೆದ್ದಾರಿ 73 ಚಾರ್ಮಾಡಿ ಘಾಟಿ ಏರುತ್ತದೆ. ಅಲ್ಲಿನ ಹೇರ್‌ಪಿನ್ ತಿರುವುಗಳಲ್ಲಿ ಎದುರಿಗೆ ಬಸ್ಸು ಬಂದರೆ ಭಾರದ ಜೀಪನ್ನು ನಿಧಾನ ವೇಗದಲ್ಲಿ ಪೂರ್ತಿ ತಿರುಗಿಸಬೇಕು. ಸ್ಟೀರಿಂಗ್ ಅತಿ ಗಟ್ಟಿಯಾಗುವುದು ಆಗಲೇ. ದಿಡುಪೆ, ಎಳನೀರಿನಂಥ ಒಳಪ್ರದೇಶಗಳಲ್ಲಿ ಜನರನ್ನೂ ಅಡಿಕೆ, ರಬ್ಬರನ್ನೂ ಹೊತ್ತು ಓಡಾಡುವ ಜೀಪಿಗೆ ಪವರ್ ಸ್ಟೀರಿಂಗ್ ಶೋಕಿಯಲ್ಲ. ಚಾಲಕನ ಭುಜ, ಬೆನ್ನು ಉಳಿಯುವ ಮಾತದು.

ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ 1926ರಲ್ಲೇ ಪಿಯರ್ಸ್-ಆ್ಯರೋ ಕಾರಿನಲ್ಲಿ ಹೈಡ್ರಾಲಿಕ್ ಸ್ಟೀರಿಂಗ್ ತೋರಿಸಿದ್ದರೂ ಅದು ಮಾರಾಟದ ಕಾರಿಗೆ ಬಂದದ್ದು 1951ರ ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. ವಿದ್ಯುತ್ ನೆರವಿನದು 1988ರಲ್ಲಿ ಸುಜುಕಿ ಸರ್ವೋ ಕಾರಿನೊಂದಿಗೆ ಬಂತು. ಅದೇ ಸುಜುಕಿ ವಂಶದ ಜಿಪ್ಸಿ ಮಾತ್ರ ಭಾರತದಲ್ಲಿ ಕೊನೆಯವರೆಗೂ ಕೈಬಲದ ಸ್ಟೀರಿಂಗ್‌ನಲ್ಲೇ ಮಾರಾಟವಾಯಿತು.

ಪವರ್ ಸ್ಟೀರಿಂಗ್ ಕಿಟ್ ಕೊಳ್ಳುವ ಮುಂಚೆ ಗಾಡಿಯ ಮುಂಭಾಗ ಬಿಚ್ಚಿ ನೋಡಬೇಕು. ಹಳೆಯ ಸಿಜೆ 3ಬಿ ಜೀಪಿನಲ್ಲಿ ಸ್ಟೀರಿಂಗ್ ಬಾಕ್ಸಿನ ಚಲನೆ ನೇರವಾಗಿ ಚಕ್ರಕ್ಕೆ ಹೋಗುವುದಿಲ್ಲ. ಡ್ರಾಗ್ ಲಿಂಕ್ ಎಂಬ ಸರಳು ಬೆಲ್ ಕ್ರ್ಯಾಂಕ್ ಎಂಬ ತಿರುಗುಕೀಲನ್ನು ತಿರುಗಿಸುತ್ತದೆ. ಅದಕ್ಕೆ ಸಿಕ್ಕಿಸಿದ ಎರಡು ಟೈ ರಾಡುಗಳು ಚಕ್ರಗಳನ್ನು ಎಳೆಯುತ್ತವೆ. ಮಳೆಗಾಲದ ಕೆಸರು ಒಳಹೊಕ್ಕು ಗ್ರೀಸು ತೊಳೆದುಹೋದರೆ ಬೆಲ್ ಕ್ರ್ಯಾಂಕಿನ ಪಿನ್ನು ಸವೆದು ಸ್ಟೀರಿಂಗಿಗೆ ‘ಪ್ಲೇ’ ಬರುತ್ತದೆ: ಚಕ್ರ ಅಲುಗದೆಯೇ ಸ್ಟೀರಿಂಗ್ ಒಂದಷ್ಟು ತಿರುಗುತ್ತದೆ. ಟೈ ರಾಡ್ ಎಂಡ್, ಚಕ್ರದ ಬೇರಿಂಗು, ಚಕ್ರ ಎಡಬಲಕ್ಕೆ ತಿರುಗುವ ಕೀಲುಗಳಾದ ಕಿಂಗ್ ಪಿನ್ನುಗಳನ್ನೂ ಪರೀಕ್ಷಿಸಬೇಕು. ಗಾಳಿ ಕಡಿಮೆಯಾದ ಟಯರು, ಒಣಗಿದ ಕಿಂಗ್ ಪಿನ್ನುಗಳಿಂದಲೇ ಸ್ಟೀರಿಂಗ್ ಗಟ್ಟಿಯಾಗಿರುವುದುಂಟು. ಅಂಥ ಗಾಡಿಗೆ ದುರಸ್ತಿಯೇ ಸಾಕು. ಸವೆದ ಕೀಲುಗಳ ಮೇಲೆ ಪವರ್ ಸ್ಟೀರಿಂಗ್ ಕೂರಿಸುವುದು ಅಪಾಯ. ಕೈಗೆ ತಿಳಿಯುತ್ತಿದ್ದ ದೋಷವನ್ನು ಪಂಪಿನ ಬಲ ಮುಚ್ಚಿಬಿಡುತ್ತದೆ.

ಹೈಡ್ರಾಲಿಕ್ ವಿಧಾನದಲ್ಲಿ ಎಂಜಿನ್ ಬೆಲ್ಟಿನಿಂದ ಪಂಪು ತಿರುಗುತ್ತದೆ. ಹೊಸ ಬಾಕ್ಸನ್ನು ಚಾಸಿಗೆ ಬಿಗಿಯಬೇಕು. ಚಾಸಿಯ ಟೊಳ್ಳು ಭಾಗದಲ್ಲಿ ಬೋಲ್ಟ್ ಹಾಯುವಲ್ಲಿ ಕೊಳವೆ ಬೆಸೆದು, ಹೊರಗೆ ದಪ್ಪ ತಗಡಿನ ಬಲ ಕೊಡದಿದ್ದರೆ ಲೋಹ ಕ್ರಮೇಣ ಬಿರುಕು ಬಿಡುತ್ತದೆ. ಡ್ರಾಗ್ ಲಿಂಕಿನ ಕೋನ ತಪ್ಪಿದರೆ ಗುಂಡಿಗೆ ಇಳಿದಾಗಲೆಲ್ಲ ಗಾಡಿ ತಾನಾಗಿ ಪಕ್ಕಕ್ಕೆ ಎಳೆಯುತ್ತದೆ. ಚಕ್ರಗಳು ನೇರವಿದ್ದಾಗ ಬಾಕ್ಸು ತನ್ನ ಸುತ್ತುಗಳ ನಟ್ಟನಡುವೆ ನಿಲ್ಲಬೇಕು. ಸ್ಟೀರಿಂಗ್ ದಂಡವನ್ನು ಕತ್ತರಿಸಿ ಅಂದಾಜಿಗೆ ಬೆಸೆಯುವ ಗ್ಯಾರೇಜಿನಿಂದ ಗಾಡಿ ವಾಪಸ್ ತರುವುದೇ ಲೇಸು. ಸರಿಯಾದ ಹಲ್ಲುಗಳಿರುವ ಯೂನಿವರ್ಸಲ್ ಜಾಯಿಂಟ್ ಬಳಸಬೇಕು. ಎಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ, ಸ್ಟೀರಿಂಗ್ ಮೊದಲಿಗಿಂತ ಗಟ್ಟಿಯಾಗುತ್ತದೆ. ಡೀಸೆಲ್ ಉಳಿಸಲು ಎಂಜಿನ್ ಆರಿಸಿ ಚಾರ್ಮಾಡಿ ಇಳಿಯುವ ಅಭ್ಯಾಸವನ್ನು ಬಿಡಲೇಬೇಕು.

ವಿದ್ಯುತ್ ವಿಧಾನದಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ ಸ್ಟೀರಿಂಗ್ ದಂಡಕ್ಕೇ ಮೋಟರು ಜೋಡಿಸುತ್ತಾರೆ. ಎಣ್ಣೆ ಪೈಪುಗಳ ರಗಳೆಯಿಲ್ಲ, ಹಳೆಯ ಬಾಕ್ಸನ್ನು ಉಳಿಸಿಕೊಳ್ಳಬಹುದು, ಬೇಡವೆನಿಸಿದರೆ ತೆಗೆಯಲೂಬಹುದು. ಹಳೆಯ ಕಾರಿಗೆ ಇದೇ ಹೆಚ್ಚು ಹೊಂದುವ ದಾರಿ. ಆದರೆ ಗಾಡಿ ನಿಂತಲ್ಲೇ ಚಕ್ರ ತಿರುಗಿಸುವಾಗ ಮೋಟರು ಬಹಳ ಕರೆಂಟು ಎಳೆಯುತ್ತದೆ, ಹಳೆಯ ಡೈನಮೋಗೆ ಅಷ್ಟು ಶಕ್ತಿಯಿರುವುದಿಲ್ಲ. ಆಲ್ಟರ್ನೇಟರ್, ದಪ್ಪ ವಯರು, ಪ್ರತ್ಯೇಕ ಫ್ಯೂಸು ಬೇಕಾಗುತ್ತವೆ. ಬ್ಯಾಟರಿಯ ಪಾಸಿಟಿವ್ ತುದಿಯನ್ನು ಬಾಡಿಯ ಲೋಹಕ್ಕೆ ಜೋಡಿಸಿದ ಹಳೆಯ ಬ್ರಿಟಿಷ್ ಕಾರುಗಳಲ್ಲಿ ಆ ಸಂಪರ್ಕವನ್ನು ಮೊದಲು ಅದಲುಬದಲು ಮಾಡಬೇಕು.

ಬೆಳ್ತಂಗಡಿ ತಾಲ್ಲೂಕಿನಲ್ಲೇ ಇಂಥ ಅಳವಡಿಕೆಗೆ ವಿರುದ್ಧವಾದ ಇನ್ನೊಂದು ದೃಷ್ಟಿಯೂ ಇದೆ. ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಬೆಳೆದ ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹಾಲಯವನ್ನು ನೋಡಿದವರಿಗೆ ಕಾರೂ ಒಂದು ಚರಿತ್ರೆಯ ದಾಖಲೆ ಎಂಬುದು ಮನದಟ್ಟಾಗುತ್ತದೆ. ಅಂಥ ಕಾರಿನ ಮೂಲ ಸ್ಟೀರಿಂಗ್ ಬಾಕ್ಸಿಗೆ ಕೈ ಹಾಕಬಾರದು. 2021ರ ಕೇಂದ್ರ ನಿಯಮಗಳು ವಿಂಟೇಜ್ ಎಂದು ನೋಂದಾಯಿಸಲು ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ವಾಹನ ಮೂಲ ರೂಪದಲ್ಲಿರಬೇಕು ಎನ್ನುತ್ತವೆ. ಚಾಸಿ, ಬಾಡಿ, ಎಂಜಿನ್ ಬದಲಾವಣೆಗೆ ಅವಕಾಶವಿಲ್ಲ. ದಿನಬಳಕೆಯ ಜೀಪಿಗೆ ಅನ್ವಯಿಸುವುದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನ ಬದಲಿಸಬಾರದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಚಾಸಿಗೆ ಬೆಸುಗೆ ಹಾಕಿಸುವ ಮೊದಲೇ ಆರ್‌ಟಿಒ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ವಿಚಾರಿಸಿ, ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಬೇಕು.