ಬೆಟ್ಟದ ನೀರು, ಬಟ್ಟೆ ಒಗೆದ ಕೈಗಳು

ಕೇಪ್‌ಟೌನಿಗೆ ನೆಂಟರು ಬಂದರೆ ನಾವು ಮೊದಲು ಕರೆದೊಯ್ಯುವುದು ಟೇಬಲ್ ಮೌಂಟನ್‌ಗೆ. 1929ರಿಂದ ಓಡುತ್ತಿರುವ ಕೇಬಲ್ ಕಾರಿನಲ್ಲಿ ಹತ್ತಿ, ಫೋಟೊ ತೆಗೆಸಿಕೊಂಡು, ದೂರದ ರಾಬೆನ್ ದ್ವೀಪ ತೋರಿಸಿ ಇಳಿದುಬಿಡುತ್ತೇವೆ. ಕಾಲಲ್ಲಿ ಕಸುವಿದ್ದವರು ಪ್ಲಾಟೆಕ್ಲಿಪ್ ಕಮರಿಯ ಕಲ್ಲುಮೆಟ್ಟಿಲು ಹಿಡಿಯಬೇಕು. ಈ ಊರು ಹುಟ್ಟಿದ ಕಾರಣ ಆ ದಾರಿಯಲ್ಲೇ ಹರಿಯುತ್ತಿದೆ.

ಬೇಸಿಗೆಯಲ್ಲಿ ಆಗ್ನೇಯದ ಗಾಳಿ ಎದ್ದರೆ ಬೆಟ್ಟದ ಚಪ್ಪಟೆ ನೆತ್ತಿಯ ಮೇಲೆ ಬಿಳಿ ಮೋಡ ಹಾಸಿಕೊಳ್ಳುತ್ತದೆ. ವಾನ್ ಹಂಕ್ಸ್ ಎಂಬ ಮುದಿ ಕಡಲುಗಳ್ಳನೂ ಒಬ್ಬ ಅಪರಿಚಿತನೂ ಪಂಥ ಕಟ್ಟಿ ದಿನಗಟ್ಟಲೆ ಪೈಪು ಸೇದಿದರಂತೆ. ಸೋತವನು ಸೈತಾನನೆಂದು ಆಮೇಲೆ ಗೊತ್ತಾಯಿತಂತೆ. ಮೋಡವೆಂದರೆ ಅವರು ಬಿಟ್ಟ ಹೊಗೆ, ಪಕ್ಕದ ಶಿಖರಕ್ಕೆ ಡೆವಿಲ್ಸ್ ಪೀಕ್ ಎಂಬ ಹೆಸರು. ಕಥೆ ಸೊಗಸಾಗಿದೆ. ಆದರೆ ಆ ಮೋಡ ಮಾಡುವ ಕೆಲಸ ಅದಕ್ಕಿಂತ ದೊಡ್ಡದು. ಕಡಲಿನ ತೇವದ ಗಾಳಿ ಬೆಟ್ಟವೇರಿ ತಣ್ಣಗಾಗಿ ಹನಿಗಟ್ಟುತ್ತದೆ. ಆ ಹನಿಯೂ ಚಳಿಗಾಲದ ಮಳೆಯೂ ಮರಳುಗಲ್ಲಿನ ಬಿರುಕುಗಳಲ್ಲಿ ಇಂಗಿ, ಕೆಳಗೆ ಒರತೆಗಳಾಗಿ ಏಳುತ್ತವೆ.

ಕೊಯ್‌ಕೊಯ್ ಜನ ದನಕುರಿ ಮೇಯಿಸಿಕೊಂಡು ಬರುತ್ತಿದ್ದ ನೀರು ಅದು. 1652ರಲ್ಲಿ ಡಚ್ ಕಂಪನಿಯ ಯಾನ್ ವಾನ್ ರೀಬೆಕ್ ಇಲ್ಲಿ ತಂಗುದಾಣ ಹೂಡಿದ್ದೂ ಅದೇ ನೀರಿಗಾಗಿ. ಏಷ್ಯಾಕ್ಕೆ ಹೋಗಿಬರುವ ಹಡಗುಗಳಿಗೆ ಕುಡಿಯಲು ನೀರು ಬೇಕು, ತರಕಾರಿ ಬೇಕು. ದುಡಿಯಲು ಆಳು ಬೇಕಾದಾಗ ಕಂಪನಿ ಗುಲಾಮರನ್ನು ತರಿಸಿತು: ಮಡಗಾಸ್ಕರ್, ಮೊಜಾಂಬಿಕ್, ಇಂಡೋನೇಷ್ಯಾದ ದ್ವೀಪಗಳಿಂದ, ಜೊತೆಗೆ ಬಂಗಾಳ, ಕೋರಮಂಡಲ ಮತ್ತು ನಮ್ಮ ದಕ್ಷಿಣ ಕನ್ನಡಕ್ಕೆ ತೆಂಕಣ ನೆರೆಯಾದ ಮಲಬಾರಿನಿಂದ. ಅಪ್ಪ ಅಮ್ಮ ಇಟ್ಟ ಹೆಸರು ಅಳಿಸಿ, ಕಡತದಲ್ಲಿ 'ಬಂಗಾಳದ ಆಂಜೆಲಾ' ಎನ್ನುವಂತೆ ಊರಿನ ಗುರುತು ಅಂಟಿಸಿದರು. ಈ ಆಂಜೆಲಾ ರೀಬೆಕ್‌ನ ಮನೆಯಲ್ಲಿ ಗುಲಾಮಳಾಗಿ ದುಡಿದವಳು. 1666ರಲ್ಲಿ ಬಿಡುಗಡೆ ಪಡೆದು, ಮದುವೆಯಾಗಿ, ಇಲ್ಲೇ ಬಾಳಿದಳು. ಇಂದಿನ ಎಷ್ಟೋ ಬಿಳಿಯ ಕುಟುಂಬಗಳ ವಂಶವೃಕ್ಷದಲ್ಲಿ ಅವಳಿದ್ದಾಳೆ.

ಊರಿನ ಮನೆಮನೆಗಳ ಬಟ್ಟೆಗಂಟು ಹೊತ್ತು ಗುಲಾಮ ಹೆಂಗಸರು ಪ್ಲಾಟೆಕ್ಲಿಪ್ ಹೊಳೆಗೆ ಹತ್ತಿ ಬರುತ್ತಿದ್ದರು. ಹಾಸುಬಂಡೆಯ ಮೇಲೆ ಒಗೆದು, ಪೊದೆಗಳ ಮೇಲೆ ಒಣಗಿಸಿ, ಸಂಜೆಗೆ ಮತ್ತೆ ಗಂಟು ಹೊತ್ತು ಇಳಿಯಬೇಕು. 1834ರಲ್ಲಿ ಗುಲಾಮಗಿರಿ ರದ್ದಾದರೂ ನಾಲ್ಕು ವರ್ಷ ಒಡೆಯರ ಕೈಕೆಳಗೇ ದುಡಿಸಿದರು. ಆಮೇಲೂ ಅವರ ಹೆಣ್ಣುಮಕ್ಕಳಿಗೆ ಹೊಟ್ಟೆಪಾಡು ಇದೇ ಹೊಳೆಯಲ್ಲಿತ್ತು. 19ನೇ ಶತಮಾನದ ಕೊನೆಯ ಹೊತ್ತಿಗೆ ಅವರಿಗಾಗಿ ಕಟ್ಟಿಸಿದ ಒಗೆಯುವ ಮನೆ ತಪ್ಪಲಿನಲ್ಲಿ ಇನ್ನೂ ಇದೆ. ಈ ಬೆಟ್ಟದ ಬಗ್ಗೆ ಬರೆಯುವವರು ಹತ್ತಿದವರ, ಅಳೆದವರ ಹೆಸರು ತಪ್ಪದೆ ಹೇಳುತ್ತಾರೆ. ಒಗೆದವರಿಗೆ ಒಂದು ಸಾಲೂ ದಕ್ಕುವುದು ಅಪರೂಪ. ನನಗೆ ಸಂಕಟವಾಗುವುದು ಅಲ್ಲೇ.

ಮುಂದಿನ ಸಲ ಇಳಿಯುವಾಗ ಡಿಯರ್ ಪಾರ್ಕ್ ಕಡೆಯ ದಾರಿ ಹಿಡಿಯಿರಿ, ಹೊಳೆ ಜೊತೆಗೇ ಬರುತ್ತದೆ. ಅಲ್ಲಿಂದ ಆಡರ್ಲಿ ಬೀದಿಯ ತಲೆಯಲ್ಲಿರುವ ಸ್ಲೇವ್ ಲಾಡ್ಜ್‌ಗೆ ಹೋಗಿ. ಕಂಪನಿ ತನ್ನ ಗುಲಾಮರನ್ನು ಕೂಡಿಹಾಕಲು 1679ರಲ್ಲಿ ಕಟ್ಟಿದ ಆ ಮನೆ ಈಗ ವಸ್ತುಸಂಗ್ರಹಾಲಯ. ಮಕ್ಕಳನ್ನೂ ಕರೆದೊಯ್ಯಿರಿ.